ನೀರಿನಿಂದ 11 ಅಡಿ ಮೇಲೆ

ನನ್ನ ಹತ್ತಿರ ಹಾರಾಟ ಕಲಿಯುವ ಹುಡುಗರು ಒಂದಲ್ಲ ಒಂದು ದಿನ ಕೇಳೇ ಕೇಳುತ್ತಾರೆ: "ಸರ್, ನಮ್ಮೂರ ಮೇಲೆ ಒಂದು ಸಲ ಕೆಳಗೆ ಇಳಿದು ಹೋಗೋಣವಾ?" ಮನೆಯವರೆಲ್ಲ ತಾರಸಿ ಹತ್ತಿ ಕಾಯುತ್ತಿರುತ್ತಾರೆ. ಆ ಆಸೆ ನನಗೂ ಅರ್ಥವಾಗುತ್ತದೆ. ಆಗ ನಾನು ರಾಯ್ ಹ್ಯಾಲಡೇ ಅವರ ಕೊನೆಯ ಹಾರಾಟದ ಬಗ್ಗೆ ಹೇಳುತ್ತೇನೆ.

ಹ್ಯಾಲಡೇ ಅಮೆರಿಕದ ಬೇಸ್‌ಬಾಲ್ ಆಟಗಾರ. ಅತ್ಯುತ್ತಮ ಪಿಚರ್‌ಗೆ, ಅಂದರೆ ಚೆಂಡು ಎಸೆಯುವವರಿಗೆ, ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಎರಡು ಸಲ ಗೆದ್ದವರು. ಅಪ್ಪ ಪೈಲಟ್. ಆಟ ಬಿಟ್ಟ ಮೇಲೆ ಇವರೂ ಹಾರಾಟಕ್ಕೆ ಇಳಿದರು. 2017ರ ಅಕ್ಟೋಬರ್‌ನಲ್ಲಿ ಐಕಾನ್ ಎ5 ವಿಮಾನ ಕೊಂಡರು. ಎರಡೇ ಸೀಟು, ನೀರಿನ ಮೇಲೂ ಇಳಿಯುತ್ತದೆ.

ಅದೇ ನವೆಂಬರ್ 7ರಂದು ಫ್ಲೋರಿಡಾ ತೀರದಲ್ಲಿ ಒಬ್ಬರೇ ಹಾರುತ್ತಿದ್ದರು. ವಿಮಾನದ ದಾಖಲೆ ಪ್ರಕಾರ ಒಂದು ಕಡೆ ಮನೆಗಳಿಂದ 75 ಅಡಿ ದೂರದಲ್ಲಿ, ಇನ್ನೊಂದು ಕಡೆ ನೀರಿನಿಂದ ಬರೀ 11 ಅಡಿ ಮೇಲೆ ಹಾರಿದ್ದರು. ಕೊನೆಗೆ ವಿಮಾನ 300ರಿಂದ 500 ಅಡಿ ಏರಿ, ತಿರುಗಿ, ಮೂಗು ಕೆಳಗೆ ಮಾಡಿ ನೀರಿಗೆ ಬಿದ್ದಿದ್ದನ್ನು ನೋಡಿದವರಿದ್ದಾರೆ. ಹ್ಯಾಲಡೇ ಸತ್ತರು. ಆಗ ಅವರಿಗೆ 40 ವರ್ಷ. ಕೆಳಮಟ್ಟದಲ್ಲಿ ವಿಮಾನವನ್ನು ಜೋರಾಗಿ ಏರಿಸಿ ವಾಲಿಸಿದ್ದು ಅಪಘಾತಕ್ಕೆ ಕಾರಣ, ರಕ್ತದಲ್ಲಿದ್ದ ಔಷಧಗಳು ಅವರ ವಿವೇಚನೆಯನ್ನು ಕುಂದಿಸಿದ್ದವು ಎಂದು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2020ರಲ್ಲಿ ಹೇಳಿತು.

ಔಷಧದ ಮಾತು ಬಂದ ಕೂಡಲೇ ಕೆಲವರು, "ಹಾಗಾದ್ರೆ ನಮಗೇನೂ ಆಗಲ್ಲ ಬಿಡಿ" ಅಂತಾರೆ. ಅದು ತಪ್ಪು. 2017ರಲ್ಲೇ, ಮೇ ತಿಂಗಳಲ್ಲಿ, ಕ್ಯಾಲಿಫೋರ್ನಿಯಾದ ಬೆರಿಯೆಸ್ಸಾ ಕೆರೆಯ ಹತ್ತಿರ, ಇದೇ ಮಾದರಿಯ ವಿಮಾನ ಕೆಳಗೆ ಹಾರುತ್ತಾ ಕಡಿದಾದ ಕಣಿವೆಯೊಳಗೆ ಹೋಗಿ ಬಿತ್ತು. ಇಬ್ಬರು ಸತ್ತರು. ಅದನ್ನು ಹಾರಿಸುತ್ತಿದ್ದವರು ಆ ವಿಮಾನದ ವಿನ್ಯಾಸದಲ್ಲೇ ಕೆಲಸ ಮಾಡಿದ ಅನುಭವಿ.

ಕೆಳಗೆ ಹಾರುವಾಗ ನಿಜವಾಗಿ ಏನಾಗುತ್ತದೆ? ರೆಕ್ಕೆ ಗಾಳಿಯನ್ನು ಒಂದು ಕೋನದಲ್ಲಿ ಸೀಳುತ್ತದೆ. ಆ ಕೋನ ಮಿತಿ ಮೀರಿದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ. ಇದೇ ಸ್ಟಾಲ್. ಎಂಜಿನ್‌ಗೆ ಏನೂ ಆಗಿರುವುದಿಲ್ಲ. ವೇಗ ಕಡಿಮೆಯಾದಾಗಲೂ, ವಾಲಿಸಿ ತಿರುಗಿಸುವಾಗಲೂ, ಎತ್ತರ ಉಳಿಸಿಕೊಳ್ಳಲು ಆ ಕೋನ ಹೆಚ್ಚಿಸಬೇಕಾಗುತ್ತದೆ. ನೇರವಾಗಿ ಹಾರುವಾಗ 45 ನಾಟ್ ವೇಗಕ್ಕೆ (ಗಂಟೆಗೆ ಸುಮಾರು 83 ಕಿ.ಮೀ.) ಸ್ಟಾಲ್ ಆಗುವ ವಿಮಾನವನ್ನು 60 ಡಿಗ್ರಿ ವಾಲಿಸಿ, ಎತ್ತರ ಬಿಡದೆ ತಿರುಗಿಸಿ ನೋಡಿ. ಸುಮಾರು 64 ನಾಟ್‌ಗೇ ಸ್ಟಾಲ್ ಆಗುತ್ತದೆ.

ಇದರ ಜೊತೆಗೆ ಕಣ್ಣೂ ಮೋಸ ಮಾಡುತ್ತದೆ. ಬೆನ್ನ ಹಿಂದಿನಿಂದ ಗಾಳಿ ಬೀಸುವಾಗ ಕೆಳಗಿನ ಮರ, ಮನೆ ಎಲ್ಲ ಸರಸರ ಓಡಿದ ಹಾಗೆ ಕಾಣುತ್ತದೆ. ವೇಗ ಜಾಸ್ತಿ ಆಯ್ತು ಅಂದುಕೊಂಡು ಕೈ ತಾನಾಗಿ ಥ್ರಾಟಲ್, ಅಂದರೆ ಎಂಜಿನ್‌ನ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿ, ಹಿಂದಕ್ಕೆ ಎಳೆಯುತ್ತದೆ. ಆದರೆ ರೆಕ್ಕೆಗೆ ಸಿಗುತ್ತಿರುವ ಗಾಳಿಯ ವೇಗ ಹೆಚ್ಚಾಗಿರುವುದೇ ಇಲ್ಲ, ಥ್ರಾಟಲ್ ಎಳೆದ ಮೇಲೆ ಅದು ಕಡಿಮೆ ಆಗುತ್ತದೆ. ಇನ್ನು ಅಲೆಯಿಲ್ಲದ ನೀರು ಕನ್ನಡಿಯ ಹಾಗೆ. 10 ಅಡಿಗೂ 40 ಅಡಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ.

ಸ್ಟಾಲ್ ಕಲಿಸಲು ನಾವು ಬೇಕಂತಲೇ 3,500 ಅಡಿಗೆ ಹೋಗುತ್ತೇವೆ. ಮೂಗು ಮೇಲೆತ್ತಿ, ಥ್ರಾಟಲ್ ಪೂರ್ತಿ ಕಡಿಮೆ ಮಾಡಿದರೆ ಗಾಳಿಯ ಸದ್ದು ಅಡಗುತ್ತದೆ. ವಿಮಾನ ನಡೆಸುವ ಹಿಡಿಕೋಲು, ಸ್ಟಿಕ್, ಕೈಯಲ್ಲಿ ಸಡಿಲವಾಗುತ್ತದೆ. ಸೀಟು ಸಣ್ಣಗೆ ನಡುಗುತ್ತದೆ. ಆಮೇಲೆ ಮೂಗು ಒಮ್ಮೆಲೇ ಕುಸಿಯುತ್ತದೆ, ಹೊಟ್ಟೆ ಗಂಟಲಿಗೆ ಬಂದ ಹಾಗಾಗುತ್ತದೆ. ಸ್ಟಿಕ್ ಮುಂದಕ್ಕೆ ತಳ್ಳು, ರೆಕ್ಕೆ ಸಮ ಮಾಡು, ಥ್ರಾಟಲ್ ಪೂರ್ತಿ ಕೊಡು. ವಿಮಾನ ಕೈಗೆ ಸಿಕ್ಕ ಮೇಲೆ, "ಎತ್ತರ ಎಷ್ಟು ಹೋಯ್ತು, ಆಲ್ಟಿಮೀಟರ್ ನೋಡಪ್ಪ" ಅನ್ನುತ್ತೇನೆ.

"ಇನ್ನೂರೈವತ್ತು ಅಡಿ, ಸರ್."

ಇದು ಮೊದಲೇ ಗೊತ್ತಿದ್ದು, ಪಕ್ಕದಲ್ಲಿ ನಾನು ಕೂತಿದ್ದು, ರೆಕ್ಕೆ ಸಮವಾಗಿದ್ದಾಗಿನ ಲೆಕ್ಕ. ವಾಲಿದ ವಿಮಾನ ಒಂದು ಪಕ್ಕಕ್ಕೆ ಮಗುಚಿದರೆ ಇನ್ನೂ ಜಾಸ್ತಿ ಹೋಗುತ್ತದೆ. ಸೆಕೆಂಡಿಗೆ 50 ಅಡಿ ಬೀಳುವ ವಿಮಾನಕ್ಕೆ 200 ಅಡಿ ಅಂದರೆ ನಾಲ್ಕು ಸೆಕೆಂಡು. ಏನಾಯ್ತು ಅಂತ ತಿಳಿಯುವುದಕ್ಕೇ ಅದರಲ್ಲಿ ಅರ್ಧ ಹೋಗುತ್ತದೆ. ಎ5ನಲ್ಲಿ ಇಡೀ ವಿಮಾನವನ್ನೇ ಹೊತ್ತು ಇಳಿಸುವ ಪ್ಯಾರಾಚೂಟ್ ಕೂಡ ಇತ್ತು. ಅದು ಬಿಚ್ಚಿಕೊಳ್ಳಲೂ ಎತ್ತರ ಬೇಕಲ್ವಾ?

ಊರ ಮೇಲೆ ಹೋಗುವುದು ಬೇಡ ಅಂತ ನಾನು ಹೇಳುವುದಿಲ್ಲ. ನಮ್ಮ ತರಬೇತಿ ಪ್ರದೇಶದೊಳಗೇ ಊರಿದ್ದರೆ 2,000 ಅಡಿಯಲ್ಲಿ, ಹೆಚ್ಚು ವಾಲಿಸದೆ, ಒಂದು ದೊಡ್ಡ ಸುತ್ತು ಹಾಕಿಸುತ್ತೇನೆ. ಕಳೆದ ಸಲ ಒಬ್ಬ ಹುಡುಗನ ಅಮ್ಮ ತಾರಸಿ ಮೇಲೆ ಕೆಂಪು ಸೀರೆ ಬಿಡಿಸಿ ಹಿಡಿದಿದ್ದರು. ಅಷ್ಟು ಮೇಲಿನಿಂದಲೂ ಚೆನ್ನಾಗಿ ಕಂಡಿತು.