24 ವೋಲ್ಟ್ ಟ್ರೋಲಿಂಗ್ ಮೋಟಾರಿಗೆ ಚಾರ್ಜರ್: ಬ್ಯಾಂಕ್ ಮತ್ತು ಆಂಪಿಯರ್ ಲೆಕ್ಕ

ಮೀನು ಹಿಡಿಯುವ ದೋಣಿಯನ್ನು ಸದ್ದಿಲ್ಲದೆ ನಿಧಾನವಾಗಿ ನಡೆಸುವ ಚಿಕ್ಕ ವಿದ್ಯುತ್ ಮೋಟಾರಿಗೆ ಟ್ರೋಲಿಂಗ್ ಮೋಟಾರ್ ಎಂದು ಹೆಸರು. ನಾನಿರುವ ಮಿನೆಸೋಟದ ಕೆರೆಗಳಲ್ಲಿ ಇದು ಬಹಳ ಬಳಕೆಯಲ್ಲಿದೆ. 1934ರಲ್ಲಿ ಪಕ್ಕದ ಉತ್ತರ ಡಕೋಟದ ಫಾರ್ಗೊದಲ್ಲಿ ಆರಂಭವಾದ ಮಿನ್ ಕೋಟ ಕಂಪನಿಯ ಹೆಸರೂ ಈ ಎರಡು ರಾಜ್ಯಗಳ ಹೆಸರುಗಳಿಂದಲೇ ಬಂದದ್ದು. ನನ್ನ ದೋಣಿಯ ಮೋಟಾರು 24 ವೋಲ್ಟಿನದು. ಅದಕ್ಕಾಗಿ 12 ವೋಲ್ಟ್, 100 ಆಂಪಿಯರ್-ಅವರ್ ಸಾಮರ್ಥ್ಯದ ಎರಡು ಡೀಪ್ ಸೈಕಲ್ (ಬಹಳ ಹೊತ್ತು ವಿದ್ಯುತ್ ಕೊಟ್ಟು ಮತ್ತೆ ಮತ್ತೆ ತುಂಬಿಕೊಳ್ಳುವ ಬಗೆಯ) ಸೀಸ-ಆಮ್ಲ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದ್ದೇನೆ. ಇವು ಊರಿನ ಮನೆಗಳ ಯುಪಿಎಸ್ ಬ್ಯಾಟರಿಯ ಜಾತಿಗೇ ಸೇರಿದವು: ಹೊತ್ತುಹೊತ್ತಿಗೆ ಡಿಸ್ಟಿಲ್ಡ್ ನೀರು ತುಂಬಬೇಕು, ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡದಿದ್ದರೆ ಬಾಳಿಕೆ ಹೆಚ್ಚು.

ಚಾರ್ಜ್ ಮಾಡುವಾಗ ಸರಣಿಯ ತಂತಿಯನ್ನು ಬಿಚ್ಚಬೇಕೇ?

ನನ್ನನ್ನು ಅನೇಕ ದಿನ ಕಾಡಿದ ಪ್ರಶ್ನೆ ಇದು. ಮೋಟಾರು 24 ವೋಲ್ಟಿನದಾದರೂ ಅಂಗಡಿಯಲ್ಲಿ ಸಿಗುವ ಬಹುಪಾಲು ದೋಣಿ ಚಾರ್ಜರ್‌ಗಳು ‘ಎರಡು ಬ್ಯಾಂಕ್, ಪ್ರತಿಯೊಂದೂ 12 ವೋಲ್ಟ್’ ಎಂದಿರುತ್ತವೆ. ಬ್ಯಾಂಕ್ ಎಂದರೆ ಒಂದು ಬ್ಯಾಟರಿಗೆಂದೇ ಮೀಸಲಾದ ಧನ ಮತ್ತು ಋಣ ತಂತಿಗಳ ಒಂದು ಜೋಡಿ. ಸರಣಿಯಲ್ಲಿರುವ ಬ್ಯಾಟರಿಗಳಿಗೆ ಇಂತಹ ಎರಡು ಜೋಡಿಗಳನ್ನು ಒಟ್ಟಿಗೇ ಹಚ್ಚಿದರೆ ಶಾರ್ಟ್ ಆಗುವುದಿಲ್ಲವೇ ಎಂಬುದು ನನ್ನ ಭಯವಾಗಿತ್ತು. ಕಾಗದದ ಮೇಲೆ ಬರೆದು ನೋಡಿದ ಮೇಲೆಯೇ ಅದು ತಿಳಿಯಾಯಿತು.

ಮೊದಲ ಬ್ಯಾಟರಿಯ ಋಣ ತುದಿಯನ್ನು 0 ವೋಲ್ಟ್ ಎಂದಿಟ್ಟುಕೊಳ್ಳಿ. ಅದರ ಧನ ತುದಿ 12ರಲ್ಲಿದೆ. ನಡುವಿನ ಜಂಪರ್ ತಂತಿಯಿಂದಾಗಿ ಎರಡನೆಯ ಬ್ಯಾಟರಿಯ ಋಣ ತುದಿಯೂ ಅದೇ 12ರಲ್ಲಿದೆ, ಅದರ ಧನ ತುದಿ 24ರಲ್ಲಿದೆ. ಈಗ ಚಾರ್ಜರಿನ ಎರಡೂ ಋಣ ತಂತಿಗಳು ಪೆಟ್ಟಿಗೆಯೊಳಗೆ ಒಂದಕ್ಕೊಂದು ಸೇರಿದ್ದರೆ, 0ರಲ್ಲಿರುವ ಬಿಂದುವನ್ನೂ 12ರಲ್ಲಿರುವ ಬಿಂದುವನ್ನೂ ಆ ಒಳತಂತಿ ನೇರವಾಗಿ ಕೂಡಿಸುತ್ತದೆ. ಮೊದಲ ಬ್ಯಾಟರಿಯ ಎರಡು ತುದಿಗಳ ನಡುವೆ ದಪ್ಪ ತಂತಿ ಇಟ್ಟಂತೆಯೇ ಅದು. ಆದರೆ ಪ್ರತಿಯೊಂದು ಬ್ಯಾಂಕೂ ಇನ್ನೊಂದರಿಂದ ವಿದ್ಯುತ್ತಿನ ದೃಷ್ಟಿಯಲ್ಲಿ ಪೂರ್ತಿ ಬೇರೆಯಾಗಿದ್ದರೆ, ಅಂದರೆ ಐಸೊಲೇಟೆಡ್ ಆಗಿದ್ದರೆ, ಎರಡನೆಯ ಬ್ಯಾಂಕಿಗೆ ತನ್ನ ಬ್ಯಾಟರಿಯ ಎರಡು ತುದಿಗಳ ನಡುವಿನ 12 ವೋಲ್ಟ್ ಅಂತರ ಮಾತ್ರ ಕಾಣುತ್ತದೆ, ಆ ಬ್ಯಾಟರಿ ಎಷ್ಟು ವೋಲ್ಟ್ ಎತ್ತರದಲ್ಲಿ ಕುಳಿತಿದೆ ಎಂಬುದು ಅದಕ್ಕೆ ಬೇಕಿಲ್ಲ. ಆದ್ದರಿಂದ ಜಂಪರನ್ನು ಬಿಚ್ಚುವ ಅಗತ್ಯವಿಲ್ಲ. ಕೊಳ್ಳುವಾಗ ‘ಐಸೊಲೇಟೆಡ್’ ಎಂಬ ಪದವನ್ನು ಕೈಪಿಡಿಯಲ್ಲಿ ಹುಡುಕಲೇಬೇಕು. ಒಂದು ಬ್ಯಾಂಕಿನ ಧನ ತಂತಿ, ಋಣ ತಂತಿ ಎರಡೂ ಒಂದೇ ಬ್ಯಾಟರಿಗೆ ಹೋಗಿವೆಯೇ ಎಂದು, ಪ್ಲಗ್ ಹಾಕುವ ಮೊದಲು ಬೆರಳಿಟ್ಟು ನೋಡುವುದನ್ನು ನಾನು ಎಂದೂ ಬಿಡುವುದಿಲ್ಲ.

ಈ ಏರ್ಪಾಡಿನ ಇನ್ನೊಂದು ಲಾಭವೆಂದರೆ, ಎರಡು ಬ್ಯಾಟರಿಗಳಲ್ಲಿ ಒಂದು ತುಸು ದುರ್ಬಲವಾಗಿದ್ದರೂ ಪ್ರತಿಯೊಂದೂ ತನ್ನ ಅಳತೆಗೆ ತಾನೇ ತುಂಬಿಕೊಳ್ಳುತ್ತದೆ. ಒಂದೇ 24 ವೋಲ್ಟ್ ಚಾರ್ಜರಿನಲ್ಲಿ ಅದು ಸಾಧ್ಯವಿಲ್ಲ.

ಪೆಟ್ಟಿಗೆಯ ಮೇಲಿನ ಆಂಪಿಯರ್

ನಾನು ಮೊದಲು ತಂದ ಚಾರ್ಜರಿನ ಮೇಲೆ ದೊಡ್ಡದಾಗಿ 10 ಆಂಪಿಯರ್ ಎಂದಿತ್ತು. ಅದು ಎರಡೂ ಬ್ಯಾಂಕುಗಳ ಮೊತ್ತ. ಒಂದೊಂದು ಬ್ಯಾಟರಿಗೆ ಸಿಗುತ್ತಿದ್ದದ್ದು 5 ಮಾತ್ರ. ಸಂಜೆ ಪ್ಲಗ್ ಹಾಕಿ ಬೆಳಿಗ್ಗೆ ಕೆರೆಗೆ ಹೊರಟರೆ ಬ್ಯಾಟರಿ ತುಂಬಿರುತ್ತಿರಲಿಲ್ಲ. ಲೆಕ್ಕ ಹೀಗಿದೆ: ಅರ್ಧ ಖಾಲಿಯಾದ 100 ಆಂಪಿಯರ್-ಅವರ್ ಬ್ಯಾಟರಿಗೆ 50 ಮರಳಿ ಬೇಕು, ಚಾರ್ಜ್ ಆಗುವಾಗಿನ ನಷ್ಟವನ್ನೂ ಸೇರಿಸಿದರೆ ಸುಮಾರು 60. ಇದನ್ನು 5ರಿಂದ ಭಾಗಿಸಿದರೆ 12 ಗಂಟೆ, 10ರಿಂದ ಭಾಗಿಸಿದರೆ 6 ಗಂಟೆ. ಕೊನೆಯ ಭಾಗದಲ್ಲಿ ಚಾರ್ಜರು ವೋಲ್ಟೇಜನ್ನು ಹಾಗೆಯೇ ಹಿಡಿದು ಕರೆಂಟನ್ನು ಇಳಿಸುತ್ತಾ ಹೋಗುವುದರಿಂದ ಇದರ ಮೇಲೆ ಇನ್ನೂ ಕೆಲವು ಗಂಟೆ ಹಿಡಿಯುತ್ತದೆ. ಸೀಸ-ಆಮ್ಲ ಬ್ಯಾಟರಿಗೆ ಅದರ ಸಾಮರ್ಥ್ಯದ ಶೇ. 10ರಿಂದ 20ರಷ್ಟು ಕರೆಂಟ್ ಒಳ್ಳೆಯ ಅಳತೆ ಎಂದು ನಾನು ಇಟ್ಟುಕೊಂಡಿದ್ದೇನೆ. ಆದ್ದರಿಂದ ಪ್ರತಿ ಬ್ಯಾಂಕಿಗೆ ಕನಿಷ್ಠ 10 ಆಂಪಿಯರ್ ಕೊಡುವ ಚಾರ್ಜರನ್ನೇ ಈಗ ಬಳಸುತ್ತಿದ್ದೇನೆ.

ಉಳಿದವು

ಬ್ಯಾಟರಿಯ ಬಗೆಯನ್ನು ಚಾರ್ಜರಿನಲ್ಲಿ ಆರಿಸುವ ಅವಕಾಶವಿರಬೇಕು, ಏಕೆಂದರೆ ಜೆಲ್ ಬ್ಯಾಟರಿ ಉಳಿದವಕ್ಕಿಂತ ಕಡಿಮೆ ವೋಲ್ಟೇಜನ್ನಷ್ಟೇ ತಾಳುತ್ತದೆ. ದೋಣಿಯಲ್ಲೇ ಶಾಶ್ವತವಾಗಿ ಕೂರಿಸುವುದಾದರೆ ನೀರು ಒಳಹೋಗದ ಚಾರ್ಜರೇ ಬೇಕು. ತುಂಬುವಾಗ ಜಲಜನಕ ಹೊರಬರುವುದರಿಂದ ಬ್ಯಾಟರಿಯ ಗೂಡಿನ ಮುಚ್ಚಳವನ್ನು ತೆರೆದಿಡಬೇಕು.

ಇಲ್ಲಿನ ಚಳಿಗಾಲದಲ್ಲಿ ಖಾಲಿ ಬಿಟ್ಟ ಸೀಸ-ಆಮ್ಲ ಬ್ಯಾಟರಿ ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿಳಿಯುವ ಮೊದಲೇ ಹೆಪ್ಪುಗಟ್ಟಿ ಒಡೆಯಬಹುದು, ತುಂಬಿದ್ದು ಹಾಗಾಗುವುದಿಲ್ಲ. ಆದ್ದರಿಂದ ಫ್ಲೋಟ್ ಹಂತವಿರುವ, ಅಂದರೆ ತುಂಬಿದ ಮೇಲೆ ಕಡಿಮೆ ವೋಲ್ಟೇಜಿನಲ್ಲಿ ಬ್ಯಾಟರಿಯನ್ನು ತುಂಬಿಯೇ ಇಡುವ ಚಾರ್ಜರನ್ನು ನಾನು ಚಳಿಗಾಲದಲ್ಲೂ ಹಚ್ಚಿಯೇ ಇಡುತ್ತೇನೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯವರ ಕ್ರಮ ಬೇರೆ: ಅದನ್ನು ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಮೊದಲು ಬೆಚ್ಚಗಿನ ಜಾಗಕ್ಕೆ ತರಬೇಕು.