ಸ್ಕ್ಯಾನ್ ಮಾಡಿದ ಕಾಗದ ಹುಡುಕಿದರೆ ಸಿಗಬೇಕು

ಕಳೆದ ಮಳೆಗಾಲದಲ್ಲಿ ಕುಂಬಳೆ ಕಡೆಯ ಮಾಷ್ಟ್ರೊಬ್ಬರು ತಗಡಿನ ಪೆಟ್ಟಿಗೆ ಹೊತ್ತು ನನ್ನ ಅಂಗಡಿಗೆ ಬಂದರು. ಒಳಗೆ ಅಜ್ಜನ ಕಾಲದ ಆಧಾರ (ಅಂದರೆ ಜಾಗದ ದಸ್ತಾವೇಜು), ಗೇಣಿಚೀಟು, ತೀರ್ವೆ (ಭೂಕಂದಾಯ) ರಶೀದಿ. "ಎಲ್ಲ ಸ್ಕ್ಯಾನ್ ಮಾಡಿ ಕೊಡು ಮಗಾ. ಹೆಸರು ಹೊಡೆದರೆ ಕಾಗದ ಬರಬೇಕು" ಅಂದರು.

ಅವರು ಕೇಳಿದ್ದು ಒಂದು ಕೆಲಸವಲ್ಲ, ಮೂರು.

ಮೊದಲನೆಯದು ಸ್ಕ್ಯಾನ್. ಅಂದರೆ ಕಾಗದದ ಚಿತ್ರ, ಅಷ್ಟೇ. ಅದರಲ್ಲಿ ಕಂಪ್ಯೂಟರಿಗೆ ಕಾಣುವುದು ಬರೀ ಚುಕ್ಕಿಗಳು. ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವುದೇ ಡಿಪಿಐ. 300 ಡಿಪಿಐಯಲ್ಲಿ ಎ4 ಹಾಳೆ ಅಡ್ಡಕ್ಕೆ 2480, ಉದ್ದಕ್ಕೆ 3508 ಚುಕ್ಕಿ. 600 ಇಟ್ಟರೆ ಚುಕ್ಕಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಸಾಮಾನ್ಯ ಕಾಗದಕ್ಕೆ 300 ಸಾಕು. ಆದರೆ ಹಳೇ ಆಧಾರಕ್ಕೆ ಕಲರ್ ಬೇಕೇ ಬೇಕು. ಕಪ್ಪು-ಬಿಳುಪಿನಲ್ಲಿ ಮಾಸಿದ ಶಾಯಿ, ಸೀಲು ಅಳಿಸಿಹೋಗಬಹುದು. ಹಾಗೆಯೇ ಜೀರ್ಣವಾದ ಹಾಳೆಯನ್ನು ಫೀಡರಿಗೆ (ಹಾಳೆಯನ್ನು ತಾನೇ ಎಳೆದುಕೊಳ್ಳುವ ಭಾಗ) ಹಾಕಬೇಡಿ, ಗಾಜಿನ ಮೇಲೆ ಒಂದೊಂದಾಗಿ ಇಡಿ.

ಎರಡನೆಯದು ಓಸಿಆರ್. ಚಿತ್ರದೊಳಗಿನ ಅಕ್ಷರ ಗುರುತಿಸಿ ಪಠ್ಯ ಮಾಡುವುದು. ಚಿತ್ರದ ಹಿಂದೆ ಈ ಪಠ್ಯ ಸೇರಿಸಿದರೆ ಅದು 'ಸರ್ಚೆಬಲ್ ಪಿಡಿಎಫ್', ಅಂದರೆ ಪದ ಹೊಡೆದು ಹುಡುಕಬಹುದಾದ ಫೈಲ್. ನಮ್ಮೂರಲ್ಲಿ ಇದು ಸುಲಭವಲ್ಲ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು, ಅದಕ್ಕೂ ಮೊದಲು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಹಾಗಾಗಿ ಒಂದೇ ಪೆಟ್ಟಿಗೆಯಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಇರುತ್ತವೆ. ಯಾವ ಹಾಳೆ ಯಾವ ಭಾಷೆ ಅಂತ ಓಸಿಆರಿಗೆ ನಾವೇ ಹೇಳಬೇಕು. ಕನ್ನಡ ಹಾಳೆಗೆ ಸುಮ್ನೆ ಇಂಗ್ಲಿಷ್ ಆರಿಸಿದರೆ ಬರುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಟೆಸೆರಾಕ್ಟ್ ಅನ್ನುವ ಉಚಿತ ತಂತ್ರಾಂಶ ಕನ್ನಡ, ಮಲಯಾಳ ಎರಡನ್ನೂ ಓದುತ್ತದೆ. ಆದರೆ ಅಚ್ಚಾದ ಅಕ್ಷರ ಮಾತ್ರ. ಮಾಷ್ಟ್ರ ಪೆಟ್ಟಿಗೆಯಲ್ಲಿ ಇದ್ದದ್ದು ಹೆಚ್ಚಿನದೂ ಕೈಬರಹ.

ಅಲ್ಲಿ ಕೈಹಿಡಿಯುವುದು ಮೂರನೆಯದು, ಮೆಟಾಡೇಟಾ. ಕಾಗದದ ಬಗ್ಗೆ ನಾವು ಬರೆದಿಡುವ ವಿವರ: ಕಾಗದ ಯಾವುದು, ಯಾರಿಂದ ಯಾರಿಗೆ, ದಸ್ತಾವೇಜಿನ ನಂಬ್ರ, ವರ್ಷ, ಸರ್ವೆ ನಂಬ್ರ. ಅದನ್ನು ಪಟ್ಟಿಗೆ ಏರಿಸುವುದೇ ಇಂಡೆಕ್ಸಿಂಗ್. ಜನ ಇದಕ್ಕೇ ದುಡ್ಡು ಕೊಡಲು ಹಿಂಜರಿಯುತ್ತಾರೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಜಾಸ್ತಿ ಬೆಲೆ ಇರುವುದು ಇದಕ್ಕೇ. 'ಸ್ಕ್ಯಾನ್0047' ಅಂತ ಹೆಸರಿಟ್ಟ ಸಾವಿರ ಫೈಲ್ ಇದ್ದರೆ ಪೆಟ್ಟಿಗೆ ಕಂಪ್ಯೂಟರಿಗೆ ಬಂತು, ಅಷ್ಟೇ ಅಲ್ವಾ?

ಊರಿನ ಹೆಸರನ್ನು ಎರಡೂ ರೀತಿ ಬರೆಯಿರಿ. ಹಳೇ ಕಾಗದದಲ್ಲಿ ಮಂಜೇಶ್ವರ, ಹೊಸದರಲ್ಲಿ ಮಂಜೇಶ್ವರಂ. ಒಂದರಲ್ಲಿ ಹೊಸದುರ್ಗ, ಇನ್ನೊಂದರಲ್ಲಿ ಹೋಸ್ದುರ್ಗ್. ನಮಗೆ ಒಂದೇ ಊರು, ಕಂಪ್ಯೂಟರಿಗೆ ಎರಡು. ರೀಸರ್ವೆ (ಮರು ಅಳತೆ) ಆದ ಜಾಗವಾದರೆ ಹಳೇ ನಂಬ್ರ, ಹೊಸ ನಂಬ್ರ ಎರಡೂ ಇರಲಿ.

ಉಳಿಸಿಡುವ ಪ್ರತಿಗೆ ಪಿಡಿಎಫ್/ಎ ಕೇಳಿ. ವರ್ಷಗಟ್ಟಲೆ ಇಡುವ ಕಡತಕ್ಕೆಂದೇ 2005ರಲ್ಲಿ ಬಂದ ಅಂತರರಾಷ್ಟ್ರೀಯ (ಐಎಸ್ಒ) ಮಾನದಂಡ ಅದು. ವಾಟ್ಸ್‌ಆ್ಯಪಿನಲ್ಲಿ ಫೋಟೋ ಅಂತ ಕಳಿಸಿದರೆ ಚಿತ್ರ ಕುಗ್ಗುತ್ತದೆ, ಡಾಕ್ಯುಮೆಂಟ್ ಅಂತಲೇ ಕಳಿಸಿ. ಮೂಲ ಕಾಗದ ಮಾತ್ರ ಬಿಸಾಡಬೇಡಿ.

ಮಾಷ್ಟ್ರ ಅಜ್ಜನ ಕೂಡಿಸಿ ಬರೆದ ಕೈಬರಹ ನನಗೆ ಓದಲು ಬರಲಿಲ್ಲ. ಅವರೇ ಎರಡು ಮಧ್ಯಾಹ್ನ ಅಂಗಡಿಯಲ್ಲಿ ಕೂತು ಒಂದೊಂದೇ ಕಾಗದ ಓದಿದರು, ನಾನು ಟೈಪ್ ಮಾಡಿದೆ. ಕೊನೆಗೆ ಅವರು ಅಜ್ಜಿಯ ಹೆಸರು ಹೊಡೆದು ನೋಡಿದರು. ಮೂರು ಕಾಗದ ಬಂದವು. ಒಂದು ಇದೆಯೆಂದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.