ಕುತ್ತಿಗೆಯನ್ನು ಯಾರ ಕೈಗೆ ಕೊಡಬೇಕು?

ಮುಂಬಯಿ ಸಮೀಪದ ಡೊಂಬಿವಿಲಿಯ ನನ್ನ ಫಿಸಿಯೋಥೆರಪಿ ಚಿಕಿತ್ಸಾಲಯಕ್ಕೆ ಬರುವ ಕನ್ನಡಿಗರಲ್ಲಿ ಕುತ್ತಿಗೆ ನೋವಿನವರೇ ಹೆಚ್ಚು. ಹೋಟೆಲಿನ ಗಲ್ಲಾದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ತಲೆ ಬಗ್ಗಿಸಿ ಲೆಕ್ಕ ನೋಡುವವರು, ಲೋಕಲ್ ಗಾಡಿಯಲ್ಲಿ ಒಂದು ಕೈಯಿಂದ ಹಿಡಿಕೆಗೆ ಜೋತುಬಿದ್ದು ಇನ್ನೊಂದು ಕೈಯ ಮೊಬೈಲಿನಲ್ಲಿ ಕಣ್ಣು ನೆಟ್ಟು ನಿಲ್ಲುವವರು. ಹಿಂದೆ ಇವರು ಕುತ್ತಿಗೆಗೆ ಪಟ್ಟಿ ಹಾಕಬೇಕೇ ಎಂದು ಕೇಳುತ್ತಿದ್ದರು. ಈಗ ಕೇಳುವುದು ಬೇರೆ: ಕೈರೋಪ್ರ್ಯಾಕ್ಟರ್ ಬಳಿ ಹೋದರೆ ಮೂಳೆಯನ್ನೂ ಸರಿಮಾಡುತ್ತಾರೆ, ಅಕ್ಯುಪಂಕ್ಚರ್ ಸೂಜಿಯನ್ನೂ ಚುಚ್ಚುತ್ತಾರಂತೆ, ಎರಡೂ ಒಂದೇ ಕಡೆ ಆಗುವುದಾದರೆ ಹೋಗಬಹುದೇ?

ಹೋಗಬಹುದು. ಆದರೆ ಫಲಕದ ಮೇಲೆ ಎರಡು ವಿದ್ಯೆಗಳ ಹೆಸರಿದ್ದರೆ ಅರ್ಹತೆಯನ್ನೂ ಎರಡು ಸಲ ಕೇಳಬೇಕು. ಕೈರೋಪ್ರ್ಯಾಕ್ಟಿಕ್ 1895ರಲ್ಲಿ ಅಮೆರಿಕದ ಅಯೋವಾದಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬವರಿಂದ ಆರಂಭವಾದ, ಬೆನ್ನು ಕುತ್ತಿಗೆಗಳ ಕೀಲುಗಳನ್ನು ಕೈಯಿಂದ ಒತ್ತಿ ತಿರುಗಿಸುವ ಪದ್ಧತಿ; ಹೊರದೇಶಗಳಲ್ಲಿ ಅದಕ್ಕೆ ಹಲವು ವರ್ಷಗಳ ಪೂರ್ಣಾವಧಿ ಪದವಿಯಿದೆ. ನಮ್ಮಲ್ಲಿ ಕೈರೋಪ್ರ್ಯಾಕ್ಟರುಗಳಿಗೆಂದೇ ಶಾಸನಬದ್ಧ ಪರಿಷತ್ತು ಇಲ್ಲವಾದ್ದರಿಂದ, ಹಾಗೆ ಪದವಿ ಪಡೆದು ಬಂದವರೂ ವಾರಾಂತ್ಯದ ಶಿಬಿರ ಮುಗಿಸಿದವರೂ ಒಂದೇ ಹೆಸರಿನ ಫಲಕ ಹಾಕಿಕೊಳ್ಳುತ್ತಾರೆ. ಅವರ ಮೂಲ ಪದವಿ ಯಾವುದು, ಎಲ್ಲಿಯದು, ಯಾವ ಪರಿಷತ್ತಿನಲ್ಲಿ ನೋಂದಣಿಯಾಗಿದೆ ಎಂದು ಕೇಳಲು ಸಂಕೋಚ ಬೇಡ. ಅಕ್ಯುಪಂಕ್ಚರ್ ವಿಷಯದಲ್ಲಿ ಮಹಾರಾಷ್ಟ್ರದ ನಮಗೆ ಒಂದು ಅನುಕೂಲವಿದೆ. 2015ರ ರಾಜ್ಯ ಅಧಿನಿಯಮದ ಪ್ರಕಾರ ಇಲ್ಲಿ ಅಕ್ಯುಪಂಕ್ಚರಿಗೆ ಪ್ರತ್ಯೇಕ ಪರಿಷತ್ತಿದ್ದು, ನೋಂದಣಿಯ ಪ್ರಮಾಣಪತ್ರವನ್ನು ತೋರಿಸಿ ಎಂದು ಕೇಳಬಹುದು. ಪ್ರಶ್ನೆಗೆ ಮುಖ ಸಿಂಡರಿಸುವವರ ಕೈಗೆ ಕುತ್ತಿಗೆ ಕೊಡುವ ಅಗತ್ಯವಿಲ್ಲ.

ಪ್ರಮಾಣಪತ್ರಕ್ಕಿಂತ ಹೆಚ್ಚು ಹೇಳುವುದು ಮೊದಲ ಅರ್ಧ ತಾಸು. ಕಳೆದ ವರ್ಷ ಐವತ್ತು ದಾಟಿದ ಕ್ಯಾಷಿಯರ್ ಒಬ್ಬರು ಬಂದಿದ್ದರು. “ಮೇಡಮ್, ಉಳುಕಿದೆ ಅಷ್ಟೆ, ಒಮ್ಮೆ ಲಟಕ್ಕಂತ ತಿರುಗಿಸಿಬಿಡಿ” ಎಂದರು. ಬೇರೊಂದು ಕಡೆ ಹತ್ತು ಸಲದ ಪ್ಯಾಕೇಜಿಗೆ ಮುಂಗಡ ಕಟ್ಟಿ, ಮೂರು ಸಲ ತಿರುಗಿಸಿಕೊಂಡೂ ಆಗಿತ್ತು. ಪರೀಕ್ಷೆಗೆಂದು ಅಂಗಿ ಬಿಚ್ಚಲು ಹೇಳಿದಾಗ ಮೇಲಿನ ಎರಡು ಗುಂಡಿಗಳಿಗೆ ಅವರಿಗೆ ಹಿಡಿದ ಹೊತ್ತು ನನಗೆ ಸರಿ ಕಾಣಲಿಲ್ಲ. ಕೇಳಿದರೆ, ಚಿಲ್ಲರೆ ಎಣಿಸುವಾಗ ನಾಣ್ಯ ಜಾರುತ್ತದೆ, ಪ್ಲಾಟ್‌ಫಾರ್ಮಿನಲ್ಲಿ ನಡೆಯುವಾಗ ಕಾಲು ಹತ್ತಿಯ ಮೇಲೆ ಇಟ್ಟಂತಾಗುತ್ತದೆ ಎಂದರು. ಅವರ ನಡುಬೆರಳಿನ ಉಗುರನ್ನು ಚಿಮ್ಮಿದಾಗ ಹೆಬ್ಬೆರಳು ತಾನಾಗಿ ಒಳಕ್ಕೆ ಬಾಗಿತು. ಅದು ಉಳುಕಿನ ಲಕ್ಷಣವಲ್ಲ, ಬೆನ್ನುಹುರಿ ಒತ್ತಡಕ್ಕೆ ಸಿಕ್ಕಿರಬಹುದೆಂಬ ಸೂಚನೆ. ನಾನು ಕೈ ಹಾಕದೆ ನರರೋಗ ತಜ್ಞರಿಗೆ ಚೀಟಿ ಬರೆದುಕೊಟ್ಟೆ, ಎಂ.ಆರ್.ಐ.ನಲ್ಲಿ ಹುರಿ ಒತ್ತಿಹೋಗಿದ್ದು ಕಂಡಿತು. ಅವರ ಮಾತಿನ ಪ್ರಕಾರ ಆ ಮೂರು ಸಲವೂ ಯಾರೂ ಅವರ ಕೈಬೆರಳನ್ನು ಮುಟ್ಟಿ ನೋಡಿರಲಿಲ್ಲ.

ಆದ್ದರಿಂದ ನೋಡಬೇಕಾದದ್ದು ಇದನ್ನೇ: ಕುತ್ತಿಗೆ ಮುಟ್ಟುವ ಮೊದಲು ಚಿಕಿತ್ಸೆ ಕೊಡುವವರು ಏನೇನು ಕೇಳಿದರು? ಬಿದ್ದ ಪೆಟ್ಟು, ಜ್ವರ, ಕಾರಣವಿಲ್ಲದೆ ಇಳಿದ ತೂಕ, ಮೂತ್ರದ ಹಿಡಿತ, ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವೆತ, ಸಂಧಿವಾತ ಇವುಗಳ ವಿಚಾರಣೆಯಾಯಿತೇ? ಕೈಕಾಲಿನ ಬಲ, ಸ್ಪರ್ಶ, ನಡಿಗೆ ಪರೀಕ್ಷಿಸಿದರೇ? ಬರೀ ಎಕ್ಸ್‌ರೇ ಹಿಡಿದು “ನಿಮ್ಮ ಕುತ್ತಿಗೆ ಮೂಳೆಯ ಮಣಿ ಜಾರಿದೆ, ಕೂರಿಸುತ್ತೇನೆ” ಎನ್ನುವವರನ್ನು ನಾನು ನಂಬುವುದಿಲ್ಲ. ನಲವತ್ತು ದಾಟಿದ ಅನೇಕರ ಎಕ್ಸ್‌ರೇಯಲ್ಲಿ, ನೋವಿಲ್ಲದಿದ್ದರೂ, ಸವೆತ ಕಾಣಿಸುತ್ತದೆ. ನೆಟಿಗೆಯ ಆ ಸದ್ದು ಕೂಡ ಮೂಳೆ ಸ್ಥಾನಕ್ಕೆ ಬಂದ ಸದ್ದಲ್ಲ. ಕೀಲಿನ ದ್ರವದಲ್ಲಿರುವ ಅನಿಲಕ್ಕೆ ಸಂಬಂಧಿಸಿದ್ದು. ಕ್ಷೌರದಂಗಡಿಯಲ್ಲಿ ಚಂಪಿಯ ಕೊನೆಗೆ ಪುಕ್ಕಟೆಯಾಗಿ ಬರುವುದೂ ಅದೇ ಸದ್ದು, ಮತ್ತು ಹಾಗೆ ಕುತ್ತಿಗೆ ತಿರುಗಿಸಿಕೊಳ್ಳುವುದನ್ನು ನಾನು ಯಾರಿಗೂ ಸೂಚಿಸಲಾರೆ.

ಕಾರಣ ಸರಳವಾಗಿದೆ. ಕುತ್ತಿಗೆಯ ಏಳು ಮಣಿಗಳಲ್ಲಿ ಮೇಲಿನ ಆರರ ಪಕ್ಕದ ರಂಧ್ರಗಳ ಮೂಲಕ ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಧಮನಿಗಳು ಹಾದುಹೋಗುತ್ತವೆ. ರಭಸದ ತಿರುವಿನ ಬಳಿಕ ಆ ಧಮನಿಯ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ಅಪರೂಪ, ಆದರೂ ವೈದ್ಯಕೀಯ ದಾಖಲೆಗಳಲ್ಲಿವೆ. ಹಿಂದೆಂದೂ ಇಲ್ಲದಂಥ ಕುತ್ತಿಗೆ ನೋವು, ತಲೆನೋವು ಹಠಾತ್ತನೆ ಬಂದವರಲ್ಲಿ ಧಮನಿ ಮೊದಲೇ ಹರಿದಿರುವ ಸಾಧ್ಯತೆಯೂ ಇರುತ್ತದೆ. ಅಂಥವರನ್ನು ತಿರುಗಿಸದೆ ಆಸ್ಪತ್ರೆಗೆ ಕಳಿಸುವವರೇ ಬಲ್ಲವರು. “ರಭಸದ ತಿರುವು ಬೇಡ, ಮೃದುವಾಗಿ ಮಾಡಿ” ಎಂದು ಹೇಳುವ ಹಕ್ಕು ನಿಮಗಿದೆ. ಅದಿಲ್ಲದೆಯೂ ಕುತ್ತಿಗೆಗೆ ಚಿಕಿತ್ಸೆ ನೀಡಲು ಬರುತ್ತದೆ.

ಸೂಜಿಯ ಬಗ್ಗೆ ಜನರ ಭಯ ಸಾಮಾನ್ಯವಾಗಿ ತಪ್ಪು ಜಾಗದಲ್ಲಿರುತ್ತದೆ. ಕೂದಲಿಗಿಂತ ತುಸು ದಪ್ಪದ ಸೂಜಿಯಿಂದ ಆಗುವ ನೋವು ಅಲ್ಪ. ನೋಡಬೇಕಾದದ್ದು ಮೊಹರು ಮಾಡಿದ ಪೊಟ್ಟಣವನ್ನು ನಿಮ್ಮೆದುರೇ ಹರಿದರೇ, ಬಳಸಿದ ಸೂಜಿ ಗಟ್ಟಿ ಡಬ್ಬಿಗೆ ಬಿತ್ತೇ ಎಂಬುದನ್ನು. ಇನ್ನೊಂದು ಮಾತು: ಕುತ್ತಿಗೆ ನೋವಿಗೆ ಸೂಜಿಯನ್ನು ಹೆಚ್ಚಾಗಿ ಭುಜದ ಮೇಲ್ಭಾಗದ ಸ್ನಾಯುವಿನಲ್ಲಿ ಚುಚ್ಚುತ್ತಾರೆ, ಅದರ ಕೆಳಗೇ ಶ್ವಾಸಕೋಶದ ತುದಿಯಿದೆ. ಚಿಕಿತ್ಸೆಯ ನಂತರ ಎದೆ ಚುಚ್ಚಿದಂತಾಗಿ ಉಸಿರು ಕಟ್ಟಿದರೆ ಮನೆಯಲ್ಲಿ ಮಲಗಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಎರಡನ್ನೂ ಒಂದೇ ದಿನ ಆರಂಭಿಸುವುದು ನನಗೆ ಒಪ್ಪಿಗೆಯಿಲ್ಲ. ಗುಣ ಕಂಡರೆ ಯಾವುದರಿಂದ, ನೋವು ಹೆಚ್ಚಿದರೆ ಯಾವುದರಿಂದ ಎಂದು ತಿಳಿಯುವುದಿಲ್ಲ. ಒಂದರಿಂದ ಆರಂಭಿಸಿ, ಮೂರು ನಾಲ್ಕು ಸಲದ ಬಳಿಕ ಕುತ್ತಿಗೆ ಎಷ್ಟು ತಿರುಗುತ್ತದೆ, ನಿದ್ದೆ ಹೇಗಿದೆ ಎಂದು ಅಳೆದು, ಅನಂತರ ಇನ್ನೊಂದನ್ನು ಸೇರಿಸುವವರು ಯೋಚಿಸಿ ಕೆಲಸ ಮಾಡುತ್ತಾರೆ. ಎರಡೂ ನೋವನ್ನು ಸ್ವಲ್ಪ ಕಾಲ ತಗ್ಗಿಸಬಲ್ಲವು. ಆ ಬಿಡುವಿನಲ್ಲಿ ಭುಜ ಮತ್ತು ಕುತ್ತಿಗೆಯ ವ್ಯಾಯಾಮ ಕಲಿಸದವರು ನಿಮ್ಮನ್ನು ಕಾಯಂ ಗಿರಾಕಿ ಮಾಡಿಕೊಳ್ಳುತ್ತಾರೆ. ಸಾಮಾನ್ಯ ಉಳುಕು ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ತಾನಾಗಿಯೇ ಇಳಿಯುವಂಥದ್ದು, ಆದ್ದರಿಂದ ಹತ್ತು ಇಪ್ಪತ್ತು ಸಲಕ್ಕೆ ಮುಂಗಡ ಕಟ್ಟಬೇಡಿ. ಪ್ರತಿ ಸಲದ ಹಣವನ್ನು ಆಯಾ ದಿನ ಕೊಡುತ್ತೇನೆ ಎಂದು ಹೇಳಿ ನೋಡಿ. ನಮ್ಮ ಕ್ಯಾಷಿಯರಿಗೆ ಉಳಿದ ಏಳು ಸಲದ ಹಣ ಇನ್ನೂ ವಾಪಸು ಬಂದಿಲ್ಲ.